ಗಂಗಾವತಿಯ ಮಕ್ಕಳು ಕುಪ್ಪಳಿ ಮನೆ ನೋಡಿದ ಬಗೆ

ಗಂಗಾವತಿ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಈ ಸಲ ಶೈಕ್ಷಣಿಕ ಪ್ರವಾಸಕ್ಕೆ ಮಲೆನಾಡಿನ ಕುಪ್ಪಳಿಗೆ ಹೋಗೋಣ ಅಂದಾಗ ಪಾಲಕರ ಸಭೆಯಲ್ಲಿ ಒಬ್ಬ ತಾಯಿ ಕೇಳಿದರು: "ಅಷ್ಟು ದೂರ ಯಾಕ್ರೀ ಮೇಡಂ? ಇಲ್ಲೇ ಅಂಜನಾದ್ರಿ ಐತಿ, ಹಂಪಿ ಐತಿ."

ನ್ಯಾಯವಾದ ಪ್ರಶ್ನೆಯೇ. ನಾನು ಹೇಳಿದ್ದು ಇಷ್ಟು: ನಿಮ್ಮ ಮಕ್ಕಳು ಮನೆಯಲ್ಲಿ ಕುಣಿಕುಣಿದು ಹೇಳುವ ಇಲಿ ಪದ್ಯ ಇದೆಯಲ್ಲ, ಅದನ್ನು ಬರೆದ ಕುವೆಂಪು ಆಡಿ ಬೆಳೆದ ಮನೆ ಅದು. ಮಕ್ಕಳು ಆ ಮನೆ ನೋಡಲಿ.

ಕುವೆಂಪು ಅಂದರೆ ನಾಡಗೀತೆ, ಜ್ಞಾನಪೀಠ, ರಾಮಾಯಣ ದರ್ಶನ ಎಂದು ಶುರು ಮಾಡುವವರೇ ಜಾಸ್ತಿ. ಹನ್ನೆರಡು ವರ್ಷದ ಮಗುವಿಗೆ ಅದರಿಂದ ಏನೂ ಹತ್ತುವುದಿಲ್ಲ. ಮಕ್ಕಳಿಗಾಗಿ ಅವರು ಬರೆದದ್ದು ಕಡಿಮೆಯೇನಲ್ಲ. 'ಅಮಲನ ಕಥೆ', 'ಮೋಡಣ್ಣನ ತಮ್ಮ', 'ನನ್ನ ಗೋಪಾಲ', ಎಲ್ಲಕ್ಕಿಂತ ಹೆಚ್ಚಾಗಿ ಆ ಇಲಿ ಪದ್ಯ, 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ನಾನು ಜೋಗಿಯಿಂದಲೇ ಶುರು ಮಾಡಿದೆ.

ಹೊರಡುವುದಕ್ಕೆ ಮೊದಲು ಕೆಲವು ವಾರ ಪದ್ಯವನ್ನು ಸ್ವಲ್ಪ ಸ್ವಲ್ಪವೇ ಓದಿದೆವು. ಅರ್ಥ ಬರೆಸಲಿಲ್ಲ, ಸುಮ್ನೆ ಆಡಿಸಿದೆ. ಒಬ್ಬ ಗೌಡ, ಒಬ್ಬ ಜೋಗಿ, ಉಳಿದವರೆಲ್ಲ ಇಲಿಗಳು. ಬ್ರೌನಿಂಗ್ ಎಂಬ ಇಂಗ್ಲಿಷ್ ಕವಿ ಜರ್ಮನಿಯ ಒಂದು ಊರಿನ ಹಳೇ ಕಥೆಯನ್ನು ಪದ್ಯ ಮಾಡಿದ್ದ. ಕುವೆಂಪು ಅದನ್ನು ತುಂಗೆಯ ದಂಡೆಗೆ ತಂದು ಕೂರಿಸಿದರು. ನಮ್ಮ ಮಕ್ಕಳಿಗೆ ಇಲಿ ಕಾಟ ವಿವರಿಸಬೇಕಾಗಿಲ್ಲ. ಭತ್ತದ ನಾಡು ನಮ್ಮದು. ಗದ್ದೆಯ ಬದುವಿನಲ್ಲಿ ಇಲಿ ಬಿಲ, ಮನೆಯಲ್ಲಿ ಇಲಿ ಕಡಿದ ಚೀಲ, ಎಲ್ಲ ದಿನಾ ನೋಡಿದ್ದೇ. ಇಲಿಗಳನ್ನು ಹೊಳೆಯಲ್ಲಿ ಮುಳುಗಿಸಿದ ಜೋಗಿಗೆ ಹಣ ಕೊಡುತ್ತೇನೆಂದ ಗೌಡ ಮಾತು ತಪ್ಪಿದ ಭಾಗ ಬಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ನಮ್ಮಪ್ಪಗೂ ಕೂಲಿ ಹಂಗ ಕೊಡಲಿಲ್ರಿ" ಅಂದ. ಆ ದಿನ ಮುಂದಿನ ಸಾಲಿಗೆ ಹೋಗಲಿಲ್ಲ. ಅದರ ಬಗ್ಗೆಯೇ ಮಾತಾಡಿದೆವು.

ಆಮೇಲೆ ತರಗತಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ನದಿ ಬರೆದೆವು. ಪಶ್ಚಿಮ ಘಟ್ಟದಿಂದ ತುಂಗೆ ಹೊರಟು ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ ದಾಟುತ್ತಾಳೆ. ಕೂಡ್ಲಿಯಲ್ಲಿ ಭದ್ರೆ ಬಂದು ಸೇರುತ್ತಾಳೆ. ಅಲ್ಲಿಂದ ತುಂಗಭದ್ರೆ. ನೇರ ನಮ್ಮ ಟಿ.ಬಿ. ಡ್ಯಾಂಗೆ, ಮುನಿರಾಬಾದಿನ ಕಡೆಯಿಂದ ಎಡದಂಡೆ ಕಾಲುವೆಗೆ, ನಮ್ಮ ಗದ್ದೆಗೆ. ಚಿತ್ರ ಮುಗಿಯುವಷ್ಟರಲ್ಲಿ ಒಬ್ಬಳು ಕೇಳಿದಳು: "ಹಂಗಾದ್ರ ಜೋಗಿ ಮುಳುಗಿಸಿದ ಇಲಿ ನಮ್ಮ ಡ್ಯಾಂಗೆ ಬಂದಿರತಾವೇನ್ರಿ?" ಇಂಥ ಪ್ರಶ್ನೆ ಬಂತು ಅಂದರೆ ಮಕ್ಕಳು ಪ್ರವಾಸಕ್ಕೆ ತಯಾರು ಅಂತಲೇ ಅರ್ಥ.

ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅನುಮತಿ, ಪಾಲಕರ ಒಪ್ಪಿಗೆ ಪತ್ರ, ಒಪ್ಪಂದದ ಮೇಲೆ ಸಾರಿಗೆ ಬಸ್ಸು, ಇವೆಲ್ಲ ಎಲ್ಲ ಶಾಲೆಗೂ ಗೊತ್ತಿರುವ ಕೆಲಸ. ಚಳಿಗಾಲವನ್ನೇ ಆರಿಸಿಕೊಂಡೆ. ಮಳೆಗಾಲದಲ್ಲಿ ಅಲ್ಲಿ ರಕ್ತ ಹೀರುವ ಇಂಬಳದ ಕಾಟ, ನಮ್ಮ ಮಕ್ಕಳಿಗೆ ಅದು ಗೊತ್ತೇ ಇಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟೆವು. ರಾತ್ರಿ ತೀರ್ಥಹಳ್ಳಿಯಲ್ಲಿ ಉಳಿದು, ಬೆಳಿಗ್ಗೆ ಕೊಪ್ಪದ ರಸ್ತೆ ಹಿಡಿದು ಕುಪ್ಪಳಿ ತಲುಪಿದೆವು.

ಮನೆಯೊಳಗೆ ಎಲ್ಲರನ್ನೂ ಒಟ್ಟಿಗೆ ನುಗ್ಗಿಸಲಿಲ್ಲ. ಸಣ್ಣ ಸಣ್ಣ ಗುಂಪು ಮಾಡಿದೆ. ಒಂದು ಗುಂಪು ಒಳಗೆ, ಉಳಿದವರು ಹೊರಗೆ ಮನೆಯ ಚಿತ್ರ ಬಿಡಿಸುತ್ತಾ ಕೂತರು. ಇದೊಂದನ್ನು ಎಲ್ಲ ಶಿಕ್ಷಕರಿಗೂ ಒತ್ತಿ ಹೇಳುತ್ತೇನೆ. ಸಾಲಾಗಿ ಓಡಿಸಿದರೆ ಮಕ್ಕಳಿಗೆ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ.

ಚಿತ್ರ ಬಿಡಿಸುತ್ತಿದ್ದ ಹುಡುಗಿಗೆ ಮೊದಲು ಕಣ್ಣಿಗೆ ಬಿದ್ದದ್ದು ಸೂರು. ನಮ್ಮಲ್ಲಿ ಹಳೇ ಮನೆ ಅಂದರೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಹಾಸಿಗೆ ಸುತ್ತಿಕೊಂಡು ಮೇಲೆ ಹತ್ತಿ ಮಲಗುತ್ತೇವೆ. ಇಲ್ಲಿ ಮೂರು ಅಂತಸ್ತಿನ ದೊಡ್ಡ ಮನೆ, ಮೇಲೆ ಇಳಿಜಾರು ಹೆಂಚು. "ಇದರ ಮ್ಯಾಲೆ ಹೆಂಗ ಮಲಗತಿದ್ರು ಮೇಡಂ?" ಅಂದಳು. ಮಳೆಯ ಪಾಠ ಅಲ್ಲೇ ಆಯಿತು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಇದೇ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಸಾಮಾನ್ಯವಾಗಿ 7000 ದಾಟುತ್ತದೆ. ಅಷ್ಟು ನೀರು ನಿಂತರೆ ಮಾಳಿಗೆ ಉಳಿಯುತ್ತದೆಯೇ? ಅವಳು ತನ್ನ ಚಿತ್ರದಲ್ಲಿ ಸೂರನ್ನು ಇನ್ನಷ್ಟು ಇಳಿಸಿ ಬರೆದಳು.

ಒಳಗೆ ಕಾಲಿಟ್ಟರೆ ಮರದ ಕಂಬಗಳು, ನಡುವೆ ಆಕಾಶಕ್ಕೆ ತೆರೆದ ಅಂಗಳ. ಬೆಳಕು ಅಲ್ಲಿಂದಲೇ ಒಳಗೆ ಇಳಿಯುತ್ತದೆ. ಮಲೆನಾಡಿನ ಮನೆಗಳಲ್ಲಿ ಬಳಸುತ್ತಿದ್ದ ಪಾತ್ರೆ ಪಗಡೆ, ಹೊಲ ತೋಟದ ಸಲಕರಣೆಗಳನ್ನು ಜೋಡಿಸಿ ಇಟ್ಟಿದ್ದಾರೆ. ಕವಿಯ ಪುಸ್ತಕ, ಫೋಟೋಗಳಿವೆ. ಕುವೆಂಪು ಪ್ರತಿಷ್ಠಾನ ಇದನ್ನೆಲ್ಲ ನೋಡಿಕೊಳ್ಳುತ್ತದೆ. ಪ್ರಶಸ್ತಿಗಳ ಮುಂದೆ ಮಕ್ಕಳು ಹೆಚ್ಚು ಹೊತ್ತು ನಿಲ್ಲಲಿಲ್ಲ, ನಾನೂ ನಿಲ್ಲಿಸಲಿಲ್ಲ. "ಜೋಗಿ ಪದ್ಯ ಬರೆದವರು ನಿಮ್ಮಷ್ಟು ಇದ್ದಾಗ ಇಲ್ಲಿ ಎಲ್ಲಿ ಅಡಗಿಕೊಳ್ಳುತ್ತಿದ್ದರು, ಹುಡುಕಿ" ಎಂದಷ್ಟೇ ಹೇಳಿದ್ದೆ. ಕಂಬದ ಹಿಂದೆ, ಮೆಟ್ಟಿಲ ಕೆಳಗೆ, ಉಪ್ಪರಿಗೆಯ ಮೂಲೆ, ಒಂದೊಂದು ಗುಂಪಿಗೆ ಒಂದೊಂದು ಜಾಗ ಸಿಕ್ಕಿತು. ಮನೆಯನ್ನು ಅಷ್ಟು ಗಮನವಿಟ್ಟು ದೊಡ್ಡವರೂ ನೋಡಿರಲಿಕ್ಕಿಲ್ಲ.

ಮನೆಯಿಂದ ಕವಿಶೈಲ ಎಂಬ ಗುಡ್ಡಕ್ಕೆ ನಡೆದೇ ಹತ್ತಿದೆವು. 1994ರಲ್ಲಿ ತೀರಿಹೋದ ಕವಿಯ ಸಮಾಧಿ ಅಲ್ಲೇ ಇದೆ. ಬಂಡೆಯ ಮೇಲೆ ಸಾಹಿತಿಗಳಾದ ಬಿ.ಎಂ.ಶ್ರೀ, ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು ಕೆತ್ತಿದ ಸಹಿಗಳಿವೆ. ನಿಲ್ಲಿಸಿದ ಕಲ್ಲು, ಮೇಲೆ ಅಡ್ಡ ಕಲ್ಲು ಕಂಡದ್ದೇ ಹುಡುಗರು ಕೂಗಿದರು: "ಮೊರೇರ ಮನಿ!" ನಮ್ಮ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದಲ್ಲಿ ಜನ ಹಾಗೆ ಕರೆಯುವ, ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಮನೆಗಳ ಸಾಲೇ ಇದೆ, ಹಿಂದೆ ತೋರಿಸಿದ್ದೆ. ಕವಿಶೈಲದ ಈ ಕಲ್ಲುಗಳನ್ನು ಕಲಾವಿದ ಕೆ.ಟಿ. ಶಿವಪ್ರಸಾದ್ ಅಂಥ ಬೃಹತ್ ಶಿಲೆಗಳ ಮಾದರಿಯಲ್ಲೇ ರೂಪಿಸಿದ್ದು. ನಾನು ಹೇಳುವ ಮೊದಲೇ ಮಕ್ಕಳು ಗುರುತು ಹಿಡಿದಿದ್ದಕ್ಕೆ ನನಗೆ ಬಹಳ ಖುಷಿಯಾಯಿತು. ಅಲ್ಲೇ ಕೂತು ಜೋಗಿ ಪದ್ಯವನ್ನು ಎಲ್ಲರೂ ಸೇರಿ ಹೇಳಿದೆವು.

ವಾಪಸ್ ಬರುವಾಗ ಕೂಡ್ಲಿಗೆ ಹೋಗಿ ಸಂಗಮ ತೋರಿಸಿ. ಹೆದ್ದಾರಿಯಿಂದ ಸ್ವಲ್ಪ ಒಳಗೆ ಹೋಗಬೇಕು ಅಷ್ಟೇ. ನೆಲದ ಮೇಲೆ ಬರೆದ ಗೆರೆ ಅಲ್ಲಿ ನಿಜವಾದ ನೀರಾಗಿ ಕಾಣುತ್ತದೆ. ಅದೇ ಬಸ್ಸಿನಲ್ಲಿ ಜೋಗ, ಸಿಗಂದೂರು, ಹೊರನಾಡು ಎಂದು ತುಂಬಿಸಬೇಡಿ. ನಮ್ಮಲ್ಲೂ ಆ ಒತ್ತಾಯ ಬಂತು, ನಾನು ಒಪ್ಪಲಿಲ್ಲ. ಸಿಂಧನೂರು, ಮಾನ್ವಿ ಕಡೆಯ ಶಿಕ್ಷಕರೂ ಇದೇ ರೀತಿ ಮಾಡಬಹುದು, ಅವರ ಗದ್ದೆಗಳಿಗೆ ಬರುವುದೂ ಇದೇ ಕಾಲುವೆಯ ನೀರು. ನಮ್ಮ ಮಕ್ಕಳು ಈಗ ಜೋಗಿಯನ್ನು ತಮ್ಮೂರಿಗೇ ಕರೆಸಿ ನಾಟಕ ಬರೆಯುತ್ತಿದ್ದಾರೆ. ಇಲಿಗಳು ಅಕ್ಕಿ ಗಿರಣಿಯಿಂದ ಹೊರಡುತ್ತವಂತೆ. ಗೌಡನ ಪಾತ್ರ ಯಾರು ಮಾಡಬೇಕು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.