ಅವ್ವನಿಗೆ ಹೇಳಿ ಹೇಳಿ ಪಾಸಾದ ಪರೀಕ್ಷೆ

ರಾಯಚೂರಿನ ರಾಜೇಂದ್ರ ಗಂಜ್‌ನ ಒಂದು ಹತ್ತಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಬೇಸಿಗೆಯಲ್ಲಿ ಹತ್ತಿ ಬರುವುದು ನಿಲ್ಲುತ್ತದೆ, ಕೈ ಸ್ವಲ್ಪ ಖಾಲಿಯಾಗುತ್ತದೆ. ಆಗಲೇ ಎನ್‌ಐಎಸ್‌ಎಂನ (ಷೇರು ಮಾರುಕಟ್ಟೆ ನಿಯಂತ್ರಿಸುವ ಸೆಬಿಯ ಶಿಕ್ಷಣ ಸಂಸ್ಥೆ) ಸೀರೀಸ್ 5ಎ ಪರೀಕ್ಷೆ ಕಟ್ಟಿದೆ. ಮ್ಯೂಚುವಲ್ ಫಂಡ್ ಅಂದರೆ ಬಹಳ ಜನರ ರೊಕ್ಕ ಒಟ್ಟುಮಾಡಿ ಷೇರು, ಬಾಂಡ್ ಇಂಥವುಗಳಲ್ಲಿ ಹಾಕುವುದು. ಅದನ್ನು ಜನರಿಗೆ ಮಾಡಿಸಿಕೊಡುವ ಡಿಸ್ಟ್ರಿಬ್ಯೂಟರ್ ಆಗಬೇಕಾದರೆ ಈ ಪರೀಕ್ಷೆ ಬೇಕು. 100 ಪ್ರಶ್ನೆ, 2 ಗಂಟೆ, ಪಾಸಾಗಲು 50 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಮೊದಲ ಸಲ ನನಗೆ 46 ಬಂತು. ಯಾರೋ ಮಾರುತ್ತಿದ್ದ ಪ್ರಶ್ನೆ-ಉತ್ತರದ ಪಿಡಿಎಫ್ ಕೊಂಡು ಸುಮ್ನೆ ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೂ ಕೈ ಓಡಲಿಲ್ಲ. ಎನ್‌ಐಎಸ್‌ಎಂನವರ ವರ್ಕ್‌ಬುಕ್ ಅವರ ವೆಬ್‌ಸೈಟ್‌ನಲ್ಲೇ ಪುಕ್ಕಟೆ ಸಿಗುತ್ತದೆ. ಎರಡನೇ ಸಲ ಅದೊಂದನ್ನೇ ಹಿಡಿದೆ.

ಇಂಗ್ಲಿಷಿನಲ್ಲಿ ಓದಿದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೆ ದಿನಾ ರಾತ್ರಿ ಊಟ ಆದ ಮೇಲೆ ಅವತ್ತು ಓದಿದ್ದನ್ನು ಅವ್ವನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಅವ್ವ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಚೀಟಿ, ಬಡ್ಡಿ, ಬಂಗಾರದ ಲೆಕ್ಕ ಎಲ್ಲಾ ಬಾಯಲ್ಲೇ ಮಾಡುತ್ತಾಳೆ. ಅವಳಿಗೆ ತಿಳಿಯದಿದ್ದರೆ ನನಗೂ ತಿಳಿದಿಲ್ಲ ಎಂದೇ ಅರ್ಥ.

ಎನ್‌ಎವಿ, ಅಂದರೆ ಫಂಡಿನ ಒಂದು ಪಾಲಿನ (ಯೂನಿಟ್‌ನ) ಬೆಲೆ, ಬೇಗ ತಲೆಗೆ ಹತ್ತಿತು. ಹತ್ತು ಮಂದಿ ಪಾಲು ಹಾಕಿ ಹತ್ತಿ ಕೊಂಡಿದ್ದಾರೆ ಅಂದುಕೊಳ್ಳಿ. ಮಾಲಿನ ಇವತ್ತಿನ ಬೆಲೆಯಲ್ಲಿ ಹಮಾಲಿ, ಲಾರಿ ಬಾಡಿಗೆ, ಬಾಕಿ ಎಲ್ಲಾ ಕಳೆದು ಪಾಲಿನ ಲೆಕ್ಕಕ್ಕೆ ಹಂಚಿದರೆ ಒಂದು ಪಾಲಿನ ಬೆಲೆ ಸಿಗುತ್ತದೆ. ಎನ್‌ಎವಿ ಅಂದರೆ ಅದೇ. 10 ರೂಪಾಯಿ ಯೂನಿಟ್ ಅಗ್ಗ, 500ರದ್ದು ತುಟ್ಟಿ ಎಂಬುದು ತಪ್ಪು. ಎರಡರಲ್ಲೂ 10,000 ಹಾಕಿ, ಎರಡೂ ಶೇ. 10 ಏರಿದರೆ ಕೈಗೆ ಬರುವುದು 11,000ವೇ.

ಬಾಂಡ್, ಅಂದರೆ ಸಾಲದ ಕಾಗದ, ಕೊಳ್ಳುವ ಡೆಟ್ ಫಂಡ್ ಮಾತ್ರ ನಾಲ್ಕು ರಾತ್ರಿ ತಿಂದಿತು. ಬಡ್ಡಿ ಏರಿದರೆ ಬಾಂಡ್ ಬೆಲೆ ಯಾಕೆ ಇಳಿಯಬೇಕು? ಬಡ್ಡಿ ಜಾಸ್ತಿಯಾದರೆ ಒಳ್ಳೆಯದೇ ಅಲ್ವಾ? ಕೊನೆಗೆ ಅವ್ವನಿಗೆ ಹೀಗೆ ಹೇಳಿದೆ: ಶೇ. 7 ಬಡ್ಡಿಗೆ 1 ಲಕ್ಷ ಕೊಟ್ಟ ಕಾಗದ ನಿನ್ನ ಹತ್ತಿರ ಇದೆ, ಇನ್ನು ಒಂದು ವರ್ಷಕ್ಕೆ 1,07,000 ಬರುತ್ತದೆ. ಅಷ್ಟರಲ್ಲಿ ಪೇಟೆಯಲ್ಲಿ ಬಡ್ಡಿ ಶೇ. 9 ಆಯಿತು. ಈಗ ನಿನಗೆ ರೊಕ್ಕ ಬೇಕು, ಆ ಕಾಗದ ಮಾರುತ್ತೀಯ. ಯಾರಾದರೂ ಪೂರ್ತಿ ಲಕ್ಷ ಕೊಡುತ್ತಾರಾ?

"ಯಾಕ ಕೊಡ್ತಾರ? ಹೊಸಾದಕ್ಕ ಒಂಬತ್ತು ಸಿಗ್ತೈತಲ್ಲ. ಕಡಿಮಿಗೆ ಕೇಳ್ತಾರ" ಅಂದಳು ಅವ್ವ.

ಎಷ್ಟು ಕಡಿಮೆ? 1,07,000ವನ್ನು 1.09ರಿಂದ ಭಾಗಿಸಿದೆ. ಸುಮಾರು 98,165 ಬಂತು. ಇನ್ನೂ ಐದು ವರ್ಷ ಬಾಕಿ ಇರುವ ಕಾಗದವಾದರೆ ಇಳಿತ ಇದಕ್ಕಿಂತ ಜಾಸ್ತಿ. ಬಡ್ಡಿ ಬದಲಾದರೆ ಬಾಂಡ್ ಬೆಲೆ ಎಷ್ಟು ಏರಿಳಿಯುತ್ತದೆ ಎಂದು ಹೇಳುವ ಡ್ಯುರೇಷನ್ ಎಂಬ ಪಾಠದ ತಿರುಳು ನನಗೆ ಅವತ್ತು ರಾತ್ರಿ ಸಿಕ್ಕಿತು. ಆ ಖುಷಿ ಪಾಸಾದಾಗಲೂ ಆಗಲಿಲ್ಲ.

ಸುಮ್ನೆ ನೆನಪಿಡಬೇಕಾದವೂ ಇದ್ದವು. ಲಾರ್ಜ್ ಕ್ಯಾಪ್ ಅಂದರೆ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿ, 101ರಿಂದ 250 ಮಿಡ್ ಕ್ಯಾಪ್, 251ರಿಂದ ಸ್ಮಾಲ್ ಕ್ಯಾಪ್. ತೆರಿಗೆ ಉಳಿಸುವ ಇಎಲ್‌ಎಸ್‌ಎಸ್ ಫಂಡ್‌ಗೆ 3 ವರ್ಷ ಲಾಕ್-ಇನ್, ಅಂದರೆ ಅಲ್ಲಿಯವರೆಗೆ ರೊಕ್ಕ ತೆಗೆಯುವಂತಿಲ್ಲ. ಇಂಥವನ್ನು ಒಂದು ಹಾಳೆಯಲ್ಲಿ ಬರೆದು ಅಂಗಡಿಯ ಗಲ್ಲಾಪೆಟ್ಟಿಗೆ ಮೇಲೆ ಅಂಟಿಸಿದ್ದೆ.

ನಡತೆಯ ನಿಯಮಗಳ ಪಾಠವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಅಂಕಕ್ಕೂ ಬೇಕು, ಕೆಲಸಕ್ಕೂ ಬೇಕು. "ನಿಮ್ಮ ಕಮಿಷನ್‌ನ್ಯಾಗ ನಮಗೂ ಸ್ವಲ್ಪ ಬಿಡ್ರಿ" ಎಂದು ಗಂಜ್‌ನಲ್ಲಿ ಕೇಳುವುದು ವಾಡಿಕೆ. ಇಲ್ಲಿ ಹಾಗೆ ಬಿಟ್ಟುಕೊಡುವಂತಿಲ್ಲ. ಇಷ್ಟು ಲಾಭ ಗ್ಯಾರಂಟಿ ಎಂದು ಹೇಳುವಂತೆಯೂ ಇಲ್ಲ.

ಎರಡನೇ ಸಲ ಹೈದರಾಬಾದ್ ಸೆಂಟರ್‌ನಲ್ಲಿ ಬರೆದೆ, 78 ಬಂತು. ಸರ್ಟಿಫಿಕೇಟಿಗೆ 3 ವರ್ಷ ಅವಧಿ. ಅದನ್ನಿಟ್ಟು ಮ್ಯೂಚುವಲ್ ಫಂಡ್ ಕಂಪನಿಗಳ ಸಂಘವಾದ ಆಂಫಿಗೆ ಅರ್ಜಿ ಹಾಕಿ, ಡಿಸ್ಟ್ರಿಬ್ಯೂಟರ್‌ಗೆ ಕೊಡುವ ನೋಂದಣಿ ನಂಬರ್ ಎಆರ್‌ಎನ್ ಪಡೆದೆ.

ಮೊದಲು ಬಂದವರು ನಮ್ಮ ಓಣಿಯ ಕಾಕಾ. 2 ಲಕ್ಷ ಇತ್ತು, ಷೇರಿನಲ್ಲಿ ಹಾಕುವ ಈಕ್ವಿಟಿ ಫಂಡ್‌ಗೇ ಹಾಕು ಎಂದರು. ಯಾವಾಗ ಬೇಕು ಕಾಕಾ ಎಂದೆ. ಎಂಟು ತಿಂಗಳಿಗೆ ಮಗಳ ಮದುವೆಯಂತೆ. ಫಾರಂ ತೆಗೆಯದೆ ಅವರನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ ಎಫ್‌ಡಿ ಮಾಡಿಸಿದೆ.