ಕೆಂಪಾಗುತ್ತಿದ್ದ ಚಿಪ್ಸ್

ಹಾಸನದಲ್ಲಿ ನಮ್ಮದು ಗಿರಾಕಿಗಳ ಕಣ್ಣೆದುರೇ ಕರಿದು ಕೊಡುವ ಸಣ್ಣ ಚಿಪ್ಸ್ ಅಂಗಡಿ. ಹೊಸ ಆಲೂಗೆಡ್ಡೆ ಮುಗಿದ ಮೇಲೆ ಕೋಲ್ಡ್ ಸ್ಟೋರೇಜಿನ ಮೂಟೆಯೇ ಗತಿ. ಒಂದು ವರ್ಷ ಹಾಗೆ ತಂದ ಗೆಡ್ಡೆ ಬಾಣಲೆಗೆ ಬಿದ್ದೊಡನೆ ಕೆಂಪಾಗುತ್ತಿತ್ತು, ಅಂಚೆಲ್ಲ ಕಹಿ. ಎಣ್ಣೆ ಬದಲಾಯಿಸಿದೆ, ಉರಿ ತಗ್ಗಿಸಿದೆ. ಏನೂ ಆಗಲಿಲ್ಲ.

ಆಹಾರ ವಿಜ್ಞಾನ ಓದುತ್ತಿದ್ದ ಅಕ್ಕನ ಮಗಳು ನೋಡಿ, "ಚಿಕ್ಕಮ್ಮ, ತಪ್ಪು ಎಣ್ಣೇದಲ್ಲ, ಗೆಡ್ಡೇದು" ಅಂದಳು. ಚಳಿಯಲ್ಲಿಟ್ಟ ಗೆಡ್ಡೆಯೊಳಗೆ ಪಿಷ್ಟ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಎಂಬ ಸಕ್ಕರೆಗಳು ಹೆಚ್ಚುತ್ತವೆ. ಆಸ್ಪರಜೀನ್ ಎಂಬ ಅಮೈನೊ ಆಮ್ಲ ಆಲೂಗೆಡ್ಡೆಯಲ್ಲಿ ಮೊದಲೇ ಧಾರಾಳ. ಬಿಸಿ 120 ಡಿಗ್ರಿ ದಾಟಿದರೆ ಇವು ಕೂಡಿ ಅಕ್ರಿಲಮೈಡ್ ಎಂಬ ರಾಸಾಯನಿಕ ಹುಟ್ಟುತ್ತದೆ. ಕೆಂಪು ಹೆಚ್ಚಿದಷ್ಟೂ ಅದೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಗೆ ಸೇರಿಸಿತ್ತು. ಆದರೆ ನಾವು ತಿನ್ನುವ ಕರಿದ ತಿಂಡಿಯಲ್ಲೇ ಇದು ಇದೆ ಅನ್ನುವುದು ಸ್ವೀಡನ್ನಿನವರು 2002ರಲ್ಲಿ ಹೇಳಿದ ಮೇಲೆ ಜಗತ್ತಿಗೆ ತಿಳಿಯಿತು. ಒಂದು ಪೊಟ್ಟಣ ತಿಂದರೆ ಕಾಯಿಲೆ ಬರುತ್ತದೆಂದಲ್ಲ. ಆದರೂ ದಿನಾ ಸಂಜೆ ಬರುವ ಶಾಲೆಮಕ್ಕಳ ಮುಖ ನೆನೆದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಕೋಲ್ಡ್ ಸ್ಟೋರೇಜಿನ ಮೂಟೆಯನ್ನು ತಂದ ದಿನವೇ ಬಿಚ್ಚಿ ಕರಿಯುವುದಿಲ್ಲ. ಬೆಳಕು ಬೀಳದ, ಗಾಳಿಯಾಡುವ ಕೋಣೆಯಲ್ಲಿ ಎರಡು ಮೂರು ವಾರ ಹರಡುತ್ತೇನೆ. ಬೆಚ್ಚಗಿದ್ದರೆ ಸಕ್ಕರೆ ಇಳಿಯುತ್ತದೆ. ಆಮೇಲೆ ಪ್ರತಿ ಮೂಟೆಯಿಂದ ನಾಲ್ಕೈದು ಗೆಡ್ಡೆ ತೆಗೆದು, ಒಂದೊಂದು ಬಿಲ್ಲೆ ಕರಿದು ನೋಡುತ್ತೇನೆ. ತಿಳಿ ಹೊಂಬಣ್ಣ ಬಂದರೆ ಮಾತ್ರ ಆ ಮೂಟೆ ಒಲೆಯ ಹತ್ತಿರ ಬರುತ್ತದೆ. ಹೆಚ್ಚಿದ ಬಿಲ್ಲೆಗಳು ಅರ್ಧ ಗಂಟೆ ನೀರಿನಲ್ಲಿ ನೆನೆಯಬೇಕು, ನಡುವೆ ಎರಡು ಸಲ ನೀರು ಬದಲು. ನಂತರ ಕುದಿಯದ ಬಿಸಿನೀರಿನಲ್ಲಿ ಎರಡು ನಿಮಿಷ ಅದ್ದಿ, ಬಟ್ಟೆಯ ಮೇಲೆ ಆರಿಸುತ್ತೇನೆ. ಬಾಣಲೆಗೆ ಥರ್ಮಾಮೀಟರ್ ಸಿಕ್ಕಿಸಿದ್ದೇನೆ. ಮುಳ್ಳು 175 ಡಿಗ್ರಿ ದಾಟಲು ಬಿಡುವುದಿಲ್ಲ.

"ಇನ್ನೂ ಸ್ವಲ್ಪ ಕೆಂಪಗೆ ಮಾಡಿಕೊಡಮ್ಮ" ಅನ್ನುವ ಹಳೇ ಗಿರಾಕಿಗಳಿದ್ದಾರೆ. ಅವರಿಗೆ ಕೈಗೊಂದು ಚಿಪ್ಸ್ ಕೊಟ್ಟು, ಮುರಿದು ನೋಡಿ ಅನ್ನುತ್ತೇನೆ. ಗರಿಗರಿ ಬರುವುದು ತೇವ ಆರಿದ್ದರಿಂದ, ಕೆಂಪಾದದ್ದರಿಂದಲ್ಲ.

ಪರೀಕ್ಷೆಯಲ್ಲಿ ಸೋತ ಮೂಟೆಗಳನ್ನು ಪಕ್ಕದ ಹೋಟೆಲಿನವರು ದೋಸೆ ಪಲ್ಯಕ್ಕೆ ಒಯ್ಯುತ್ತಾರೆ. ಬೇಯುವ ನೀರು 100 ಡಿಗ್ರಿ ದಾಟುವುದಿಲ್ಲವಲ್ಲ, ಆ ಸಿಹಿ ಅಲ್ಲಿ ಯಾರಿಗೂ ಕೇಡು ಮಾಡುವುದಿಲ್ಲ.