ಬೆಂಗಳೂರಿನಲ್ಲಿ ಮೊಟ್ಟೆ ತಿನ್ನೋಕೆ ಹೋದರೆ ಮೊದಲು ಒಲೆ ನೋಡಿ

ಬೆಂಗಳೂರಿನ ಹೆಸರುವಾಸಿ ತಿಂಡಿ ಹೋಟೆಲುಗಳ ಪಟ್ಟಿ ಹಿಡಿದು ಮೊಟ್ಟೆ ಹುಡುಕಿದರೆ ಏನೂ ಸಿಗಲ್ಲ. ವಿದ್ಯಾರ್ಥಿ ಭವನ, ಎಂಟಿಆರ್, ಸಿಟಿಆರ್, ಬೀದಿಗೊಂದು ದರ್ಶಿನಿ, ಇವೆಲ್ಲ ಸಸ್ಯಾಹಾರದವು. ವಿ.ವಿ. ಪುರದ ತಿಂಡಿ ಬೀದಿಯಲ್ಲೂ ಹುಡುಕುವ ಶ್ರಮ ಬೇಡ. ನಾನು ಹೋಟೆಲಿನ ಹೆಸರಿಗಿಂತ ಮೊದಲು ಅಲ್ಲಿ ದಿನವಿಡೀ ಉರಿಯುವ ಒಲೆ ಯಾವುದು, ಅದರ ಮೇಲೆ ಏನಿದೆ ಅಂತ ನೋಡುತ್ತೇನೆ. ಮೆನುವಿನಲ್ಲಿ ಇಪ್ಪತ್ತು ಬಗೆ ಬರೆದಿರಬಹುದು. ಆ ಒಲೆಗೆ ಒಗ್ಗದ್ದನ್ನು ಕೇಳಿದರೆ ಬರುವುದು ಕಾಟಾಚಾರದ ತಟ್ಟೆ.

ಪರೋಟ ಹೆಂಚಿದ್ದರೆ ಕಲಕ್ಕಿ ಕೇಳುತ್ತೇನೆ. ಇದು ಕೊಯಮತ್ತೂರು, ಈರೋಡ್ ಕಡೆಯದು. ಇಲ್ಲಿ ಹಲಸೂರಿನಂಥ ಕಡೆ ತಮಿಳರ ಪರೋಟ ಅಂಗಡಿಗಳಲ್ಲಿ ಸಂಜೆ ಹೊತ್ತು ವಿಚಾರಿಸಬೇಕು. ಎರಡು ಮೊಟ್ಟೆ, ಉಪ್ಪು, ಕಾಳುಮೆಣಸಿನ ಪುಡಿ, ಒಂದು ಚಮಚ ಸಾಲ್ನಾ (ಪರೋಟಕ್ಕೆ ಕೊಡುವ ತೆಳು ಮಸಾಲೆ ಸಾರು), ಎಲ್ಲವನ್ನೂ ಲೋಟದಲ್ಲೇ ಕಲಕಿ ಎಣ್ಣೆ ಸವರಿದ ಕಾದ ಹೆಂಚಿಗೆ ಸುರಿಯುತ್ತಾರೆ. ತಳ ಗಟ್ಟಿಯಾಗುತ್ತಿದ್ದಂತೆ ನಾಲ್ಕೂ ಅಂಚನ್ನು ಒಳಕ್ಕೆ ಮಡಚಿ, ಅರ್ಧ ನಿಮಿಷದ ಆಸುಪಾಸಿನಲ್ಲಿ ಎತ್ತಿಬಿಡಬೇಕು. ಹೊರಗೆ ತೆಳು ಪದರ, ಒಳಗೆ ಸಡಿಲ. ಮೊಟ್ಟೆಯ ಬಿಳಿ ಸುಮಾರು 62 ಡಿಗ್ರಿ ಸೆಲ್ಸಿಯಸ್‌ಗೇ ಹೆಪ್ಪುಗಟ್ಟಲು ಶುರುವಾಗುತ್ತದೆ. ಹಾಗಾಗಿ ಎತ್ತುವುದು ಸ್ವಲ್ಪ ತಡವಾದರೂ ಅದು ಕಲಕ್ಕಿ ಅಲ್ಲ, ಮಡಚಿದ ಆಮ್ಲೆಟ್. ಕೆಡುವುದು ಹೆಚ್ಚಾಗಿ ಹೆಂಚಿನಿಂದಲೇ. ಪರೋಟದ ಒಂದು ಸುತ್ತು ಮುಗಿದ ಕೂಡಲೇ ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸುತ್ತಾರೆ, ಆಗ ಹೆಂಚು ತಣಿದಿರುತ್ತದೆ. ಅದರ ಮೇಲೆ ಹಾಕಿದ ಮೊಟ್ಟೆ ಅಂಟಿಕೊಂಡು ಹರಿಯುತ್ತದೆ. ಅದಕ್ಕೇ ಮುಂದಿನ ಸುತ್ತಿನ ಪರೋಟ ಬೇಯುವಾಗ ಹೇಳುವುದು ಲೇಸು. ಕಲಕ್ಕಿಯನ್ನು ಪಾರ್ಸೆಲ್ ಕಟ್ಟಿಸಬೇಡಿ. ಪೊಟ್ಟಣದೊಳಗಿನ ಬಿಸಿಗೆ ಅದು ಬೇಯುತ್ತಲೇ ಇರುತ್ತದೆ. ಒಳಗೆ ಪೂರ್ತಿ ಬೆಂದಿರದ ಕಾರಣ ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಇದು ಬೇಡ.

ಕೇರಳದ ಮುಟ್ಟ ರೋಸ್ಟ್‌ಗೆ, ಅಂದರೆ ಈರುಳ್ಳಿ ಮಸಾಲೆ ಹಿಡಿಸಿದ ಬೇಯಿಸಿದ ಮೊಟ್ಟೆಗೆ, ತಾವರೆಕೆರೆ ಮುಖ್ಯರಸ್ತೆ, ಎಸ್.ಜಿ. ಪಾಳ್ಯ, ಮಡಿವಾಳದ ಸುತ್ತಿನ ಮಲಯಾಳಿ ಹೋಟೆಲುಗಳು. ಹೋಗಬೇಕಾದ್ದು ಬೆಳಗ್ಗೆ, ಅಪ್ಪಂ ಸುಡುತ್ತಿರುವಾಗ. ಇದರ ಜೀವ ಇರುವುದು ಈರುಳ್ಳಿಯಲ್ಲಿ. ನಾಲ್ಕು ಮೊಟ್ಟೆಗೆ ಮೂರು ದೊಡ್ಡ ಈರುಳ್ಳಿಯಾದರೂ ಬೇಕು. ತೆಳ್ಳಗೆ ಸೀಳಿ, ತೆಂಗಿನೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಬಾಡಿಸಿದರೆ ಮಾತ್ರ ಕಂದು ಬಣ್ಣ ಬರುತ್ತದೆ. ಆಮೇಲೆ ಶುಂಠಿ, ಬೆಳ್ಳುಳ್ಳಿ, ಕರಿಬೇವು, ಖಾರದಪುಡಿ, ಧನಿಯಾ, ಸೋಂಪು; ಟೊಮೆಟೊ ಒಂದು ಸಾಕು. ಆತುರದವರು ಈರುಳ್ಳಿಯ ಬದಲು ಟೊಮೆಟೊ ಹೆಚ್ಚಿಸುತ್ತಾರೆ. ಆಗ ಮಸಾಲೆ ಕಿತ್ತಳೆ ಬಣ್ಣಕ್ಕೆ ತಿರುಗಿ ತಟ್ಟೆಯಲ್ಲಿ ಹರಿದಾಡುತ್ತದೆ. ಪಕ್ಕದ ಮೇಜಿಗೆ ಬಂದ ತಟ್ಟೆ ನೋಡಿದರೆ ಸಾಕು: ಮಸಾಲೆ ಮೊಟ್ಟೆಗೆ ಅಂಟಿ ನಿಂತಿದ್ದರೆ ಆರ್ಡರ್ ಕೊಡಿ, ನೀರಾಗಿದ್ದರೆ ಪುಟ್ಟು ಕಡಲೆ ತಿಂದು ಎದ್ದು ಬನ್ನಿ.

ಮೊಟ್ಟೆ ಸೀಳಿದಾಗ ಹಳದಿಯ ಸುತ್ತ ಹಸಿರು ಬೂದಿ ಬಣ್ಣದ ಬಳೆ ಕಂಡರೆ, ಜಾಸ್ತಿ ಕುದಿಸಿದ್ದಾರೆ, ತಣ್ಣೀರಿಗೂ ಹಾಕಿಲ್ಲ ಅಂತ ಅರ್ಥ. ಬಿಳಿಯಲ್ಲಿರುವ ಗಂಧಕ ಹಳದಿಯ ಕಬ್ಬಿಣದ ಜೊತೆ ಸೇರಿ ಆಗುವ ಬಣ್ಣ ಅದು. ತಿಂದರೆ ಅಪಾಯವೇನಿಲ್ಲ, ಆದರೆ ಹಳದಿ ಒಣಗಿ ಗಂಟಲಿಗೆ ಹಿಡಿಯುತ್ತದೆ.

ಮಿಲಿಟರಿ ಹೋಟೆಲಿನಲ್ಲಿ ನಾನು ಎಗ್ ಬಿರಿಯಾನಿ ಕೇಳುವುದೇ ಇಲ್ಲ. ಬಹುತೇಕ ಕಡೆ ಅದು ಕುಷ್ಕದ (ಮಾಂಸದ ತುಂಡಿಲ್ಲದ ಬಿರಿಯಾನಿ ಅನ್ನದ) ಮೇಲೆ ಇಟ್ಟ ಬೇಯಿಸಿದ ಮೊಟ್ಟೆ, ಅನ್ನಕ್ಕೂ ಮೊಟ್ಟೆಗೂ ನಂಟೇ ಇಲ್ಲ. ಬರೀ ಕುಷ್ಕ ತಗೊಂಡು, ಮೊಟ್ಟೆಯನ್ನು ಬುರ್ಜಿಯಾಗಿಯೋ ಆಮ್ಲೆಟ್ ಆಗಿಯೋ ಬೇರೆ ಹಾಕಿಸಿಕೊಂಡರೆ ಎರಡೂ ರುಚಿ. ಅದೃಷ್ಟವಿದ್ದ ದಿನ ಒಡೆದು ಹಾಕಿದ ಮೊಟ್ಟೆ ಸಾರು ಸಿಕ್ಕರೆ ಮುದ್ದೆಗೆ ಅದಕ್ಕಿಂತ ಬೇರೆ ಬೇಡ. ಕಾಯಿ ಮಸಾಲೆಯ ಸಾರು ಮೆಲ್ಲಗೆ ಕುದಿಯುವಾಗ ಮೊಟ್ಟೆ ಒಡೆದು ಬಿಟ್ಟು, ಮೂರು ನಾಲ್ಕು ನಿಮಿಷ ಸೌಟು ಹಾಕಬಾರದು. ಹಾಕಿದರೆ ಬಿಳಿಯೆಲ್ಲ ಎಳೆಎಳೆಯಾಗಿ ಸಾರಿನಲ್ಲಿ ಕದಡಿಹೋಗುತ್ತದೆ. ಮಾಡಿಟ್ಟರೆ ಕೆಡುವ ಅಡುಗೆ ಇದು, ಹಾಗಾಗಿ ಮಾಡುವವರೂ ಕಡಿಮೆ. ಮಧ್ಯಾಹ್ನದ ಮೊದಲ ಪಂಕ್ತಿಗೇ ಹೋಗಿ ಕೇಳಬೇಕು.

ಎಗ್ ರೈಸ್ ಗಾಡಿ ಪ್ರತಿ ಬಡಾವಣೆಯಲ್ಲೂ ಇದೆ, ಹೆಸರು ಹೇಳಿ ಪ್ರಯೋಜನವಿಲ್ಲ. ನೋಡಬೇಕಾದ್ದು ಅನ್ನದ ಪಾತ್ರೆ. ಅನ್ನ ಮೊದಲೇ ಮಾಡಿ ಆರಿಸಿ ಉದುರಾಗಿದ್ದರೆ ಸರಿ; ಹಬೆಯಾಡುತ್ತಿದ್ದರೆ ಬಾಣಲೆಯಲ್ಲಿ ಮುದ್ದೆಯಾಗುತ್ತದೆ. ಎರಡನೆಯದು, ಒಂದು ಸಲಕ್ಕೆ ಎಷ್ಟು ಪ್ಲೇಟ್ ಹಾಕುತ್ತಾರೆ ಅನ್ನುವುದು. ಎರಡು ಪ್ಲೇಟಿನವರೆಗೆ ಬಾಣಲೆಯ ಕಾವು ತಡೆಯುತ್ತದೆ. ಆರೇಳು ಪ್ಲೇಟ್ ಒಟ್ಟಿಗೆ ಸುರಿದರೆ ಕಾವು ಇಳಿದು ಎಲೆಕೋಸು ನೀರು ಬಿಡುತ್ತದೆ, ಮೊಟ್ಟೆ ಹುರಿಯುವ ಬದಲು ಬೇಯುತ್ತದೆ. ಜನ ಮುತ್ತುವ ಮುಂಚೆ ಹೋಗಿ, “ಅಣ್ಣ, ಒಂದು ಪ್ಲೇಟ್ ಬೇರೆ ಹಾಕಿ, ಪೆಪ್ಪರ್ ಜಾಸ್ತಿ” ಅಂದರೆ ಯಾರೂ ಬೇಡ ಅನ್ನಲ್ಲ. ಸಾಸ್ ಬೇಡ ಅಂತಲೂ ಸೇರಿಸಿ, ಅದು ಮೊಟ್ಟೆಯ ರುಚಿಯನ್ನು ಮುಚ್ಚಿಬಿಡುತ್ತದೆ.

ಟೋಸ್ಟ್ ಜೊತೆಗಿನ ಸಾದಾ ಮೊಟ್ಟೆಗೆ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್, ಇಲ್ಲವೇ 2009ರಲ್ಲಿ ಎಂ.ಜಿ. ರಸ್ತೆಯಿಂದ ಚರ್ಚ್ ಸ್ಟ್ರೀಟ್‌ಗೆ ಬಂದ ಇಂಡಿಯಾ ಕಾಫಿ ಹೌಸ್. ಕಾಫಿ ಹೌಸಿನಲ್ಲಿ ಸ್ಕ್ರಾಂಬಲ್ಡ್ ಎಗ್ ಕೇಳುವಾಗ “ಗಟ್ಟಿ ಮಾಡಬೇಡಿ” ಅಂತ ಮೊದಲೇ ಹೇಳಿ. ಬೆಳಗಿನ ಹೊತ್ತೇ ಒಳ್ಳೆಯದು.

ಆಮ್ಲೆಟ್ ಎಲ್ಲೇ ತಿಂದರೂ ಒಂದನ್ನು ಗಮನಿಸಿ: ಮೂವತ್ತರ ಮೊಟ್ಟೆ ಟ್ರೇ ಒಲೆಯ ಪಕ್ಕದಲ್ಲಿದೆಯೋ, ಅಥವಾ ಒಡೆದು ಈರುಳ್ಳಿ, ಉಪ್ಪು ಬೆರೆಸಿಟ್ಟ ಜಗ್ ಇದೆಯೋ? ಉಪ್ಪು ಬಿದ್ದ ಈರುಳ್ಳಿ ನೀರು ಬಿಡುತ್ತದೆ, ಜಗ್ಗಿನ ಆಮ್ಲೆಟ್ ಉಬ್ಬುವುದಿಲ್ಲ. ಜಗ್ ಕಂಡ ಕಡೆ ನಾನು ಹಾಫ್ ಬಾಯಿಲ್ ಹೇಳುತ್ತೇನೆ, ಅಂದರೆ ಹೆಂಚಿಗೆ ಒಡೆದು ಹಾಕಿ ಹಳದಿ ಸಡಿಲವಿರುವಾಗಲೇ ಎತ್ತಿದ ಮೊಟ್ಟೆ. ಅದಕ್ಕೆ ಮೊಟ್ಟೆಯನ್ನು ಆಗಲೇ ಒಡೆಯದೆ ವಿಧಿಯಿಲ್ಲ.